ಊದುಬತ್ತಿ ಲೆಕ್ಕ ಕ್ಲೌಡಿಗೆ ಹೋದಾಗ

ಯಾವುದೇ ಆಫೀಸಿನವರು "ನಮಗೊಂದು ಅಪ್ಲಿಕೇಶನ್ ಮಾಡಿಕೊಡಿ" ಅಂತ ಕರೆದರೆ ನಾನು ಮೊದಲು ಅಲ್ಲಿನ ಉದ್ದ ರಿಜಿಸ್ಟರ್ ಕೇಳುತ್ತೇನೆ. ತೆರೆದ ಕೂಡಲೇ ಕಣ್ಣು ಹೋಗುವುದು ಕೊನೆಯ ಕಾಲಂಗೆ. ತಾರೀಖು, ಹೆಸರು, ತೂಕ, ಮೊತ್ತ ಎಲ್ಲ ಗೆರೆಯೊಳಗೇ ಅಚ್ಚುಕಟ್ಟಾಗಿ ಇರುತ್ತವೆ. ಷರಾ ಕಾಲಂನಲ್ಲಿ ಮಾತ್ರ ಅಕ್ಷರ ಚಿಕ್ಕದಾಗಿ, ಓರೆಯಾಗಿ, ಒಮ್ಮೊಮ್ಮೆ ಪಕ್ಕದ ಸಾಲಿಗೂ ಹತ್ತಿಕೊಂಡಿರುತ್ತದೆ. ಆ ಆಫೀಸಿನ ಕೆಲಸ ನಿಜಕ್ಕೂ ಹೇಗೆ ನಡೆಯುತ್ತೆ ಅನ್ನೋದು ಅಲ್ಲಿ ಸಿಗುತ್ತದೆ.

ಮೈಸೂರಿನಲ್ಲಿ ಸಾಫ್ಟ್‌ವೇರ್ ಅಂದರೆ ಎಲ್ಲರಿಗೂ ಹೆಬ್ಬಾಳದ ಇನ್ಫೋಸಿಸ್ ಕ್ಯಾಂಪಸ್ ನೆನಪಾಗುತ್ತದೆ. ಅದೇ ಹೆಬ್ಬಾಳದ ಕೈಗಾರಿಕಾ ಪ್ರದೇಶದ ಒಳರಸ್ತೆಗಳಲ್ಲಿ ಸಣ್ಣ ಘಟಕಗಳೂ ಬೇಕಾದಷ್ಟಿವೆ. ಅಲ್ಲಿ ಐಟಿ ವಿಭಾಗ ಅಂತ ಇರುವುದಿಲ್ಲ. ಅಕೌಂಟ್ಸ್ ನೋಡುವವರೇ ಪ್ರಿಂಟರನ್ನೂ ನೋಡಿಕೊಳ್ಳುತ್ತಾರೆ. ನನ್ನ ಕೆಲಸ ಇಂಥ ಕಡೆ. ಇಲ್ಲಿ ಇದ್ದೂ ಇದ್ದೂ ನನಗೆ ಒಂದು ಗಟ್ಟಿ ಅಭಿಪ್ರಾಯ ಬಂದಿದೆ. ರಿಜಿಸ್ಟರ್ ಬರೆಯುವವರು ಅಪ್ಲಿಕೇಶನ್ ಕಟ್ಟುವ ಹಂತದಲ್ಲೇ ಜೊತೆಗಿರಬೇಕು. ಎಲ್ಲ ಮುಗಿಸಿ ಆಮೇಲೆ ಅವರನ್ನು ಕೂರಿಸಿ ಟ್ರೈನಿಂಗ್ ಕೊಟ್ಟರೆ ಆ ಹೊತ್ತಿಗೆ ತಡವಾಗಿರುತ್ತದೆ.

ಸಣ್ಣ ಘಟಕಗಳಿಗೆ ಈ ಆನ್‌ಲೈನ್ ಅಭ್ಯಾಸ ಹತ್ತಿಸಿದ್ದು ತೆರಿಗೆ ಲೆಕ್ಕ ಅಂತ ನನ್ನ ಎಣಿಕೆ. ವ್ಯಾಟ್ ಕಾಲದಲ್ಲೇ ಕರ್ನಾಟಕದಲ್ಲಿ ಇ-ಸುಗಮ್ ಇತ್ತು. ಸರಕು ಹೊರಡುವ ಮೊದಲು ವೆಬ್‌ಸೈಟಿನಲ್ಲಿ ವಿವರ ತುಂಬಿ ನಂಬರ್ ತಗೋಬೇಕಿತ್ತು. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು, ಮರುವರ್ಷ ಏಪ್ರಿಲ್‌ನಲ್ಲಿ ಸರಕು ಸಾಗಿಸಲು ಇ-ವೇ ಬಿಲ್. ಬಿಲ್ ಪುಸ್ತಕ ಬಿಟ್ಟು ಬೇರೇನೂ ಮುಟ್ಟದಿದ್ದ ಮಾಲೀಕರೂ ಪೋರ್ಟಲ್, ಪಾಸ್‌ವರ್ಡ್, ಒಟಿಪಿ ಅಂತ ಮಾತಾಡತೊಡಗಿದರು. ಆಮೇಲೆ ಗೂಗಲ್ ಶೀಟ್ ಬಂತು, ವಾಟ್ಸಾಪ್ ಗ್ರೂಪ್ ಬಂತು. ಅದಕ್ಕೂ ಮುಂಚೆ ಆಫೀಸಿನ ಪೂರ್ತಿ ಲೆಕ್ಕ ಮೂಲೆಯ ಒಂದೇ ಕಂಪ್ಯೂಟರಿನಲ್ಲಿ ಇರುತ್ತಿತ್ತು. ಬ್ಯಾಕಪ್ ಅಂದರೆ ಮಾಲೀಕರ ಮೇಜಿನ ಡ್ರಾಯರ್‌ನಲ್ಲಿದ್ದ ಪೆನ್‌ಡ್ರೈವ್.

ಕ್ಲೌಡ್ ಅಂದರೆ ಬೇರೆಯವರ ಕಟ್ಟಡದಲ್ಲಿರುವ ಕಂಪ್ಯೂಟರು, ಬಾಡಿಗೆಗೆ. ಅಮೆಜಾನ್ ಇದನ್ನು 2006ರಲ್ಲಿ ಶುರು ಮಾಡಿತು. ಮುಂಬೈಯಲ್ಲಿ ಅವರ ಡೇಟಾ ಸೆಂಟರ್‌ಗಳು ತೆರೆದದ್ದು 2016ರಲ್ಲಿ, ಹೈದರಾಬಾದಿನಲ್ಲಿ 2022ರಲ್ಲಿ. ಸರ್ವರ್ ಕೊಳ್ಳುವ ಬಂಡವಾಳ ಬೇಡ, ಎಷ್ಟು ಬಳಸಿದರೆ ಅಷ್ಟು ದುಡ್ಡು. ಸಣ್ಣ ಘಟಕಕ್ಕೆ ಇದು ನಿಜಕ್ಕೂ ದೊಡ್ಡ ಅನುಕೂಲ. ಈ ಭಾಗದ ಬಗ್ಗೆ ಓದಲು ಬೇಕಾದಷ್ಟು ಸಿಗುತ್ತೆ. ನಾನು ಹೇಳಬೇಕಿರುವುದು ಬಾಡಿಗೆ ಕಂಪ್ಯೂಟರಿನ ಈಚೆ ದಡದ ವಿಷಯ.

ಒಂದು ಊದುಬತ್ತಿ ಘಟಕದ ಉದಾಹರಣೆಯನ್ನೇ ಹೇಳುತ್ತೇನೆ. ಮೈಸೂರಿನ ಅಗರಬತ್ತಿಗೆ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಈಗ ಮೆಷಿನ್ ಬಂದಿದ್ದರೂ ಕೈಯಲ್ಲಿ ಹೊಸೆಯುವ ಕೆಲಸ ಪೂರ್ತಿ ನಿಂತಿಲ್ಲ. ಘಟಕದಿಂದ ಹೆಂಗಸರು ಬಿದಿರು ಕಡ್ಡಿ, ಇದ್ದಿಲು ಪುಡಿ, ಜಿಗಟು ತಗೊಂಡು ಹೋಗುತ್ತಾರೆ. ಮನೆಯಲ್ಲಿ ನೀರು ಹಾಕಿ ಕಲಸಿ, ಮಣೆ ಮೇಲೆ ಹೊಸೆದು, ಒಣಗಿಸಿ ವಾಪಸ್ ತರುತ್ತಾರೆ. ಸಾವಿರ ಕಡ್ಡಿಗೆ ಇಷ್ಟು ಅಂತ ಕೂಲಿ. ಸುಗಂಧದಲ್ಲಿ ಅದ್ದುವುದು, ಪ್ಯಾಕಿಂಗ್ ಎಲ್ಲ ಆಮೇಲೆ ಘಟಕದಲ್ಲೇ.

ಈ ಕೊಡು-ತರು ಲೆಕ್ಕವನ್ನು ಸ್ಟೋರ್ಸಿನ ಅಕ್ಕ ಬರೆಯುತ್ತಾರೆ. ಅವರಿಗಿಂತ ಚೆನ್ನಾಗಿ ಆ ಘಟಕವನ್ನು ತಿಳಿದವರು ಯಾರೂ ಇಲ್ಲ. ಅವರ ಷರಾ ಕಾಲಂನಲ್ಲಿ ಇದ್ದ ಮಾತುಗಳು ಹೀಗಿದ್ದವು. "ಮಳೆ, ಒಣಗಿಲ್ಲ." "ಮಗಳ ಕೈಲಿ ಕಳಿಸಿದ್ದಾರೆ." "ಮುಂಗಡ 500, ಹಬ್ಬಕ್ಕೆ." "ಹೋದ ವಾರದ್ದೂ ಸೇರಿ." "ಕಡ್ಡಿಯೇ ಸರಿ ಇಲ್ಲ, ಇವರದ್ದಲ್ಲ ತಪ್ಪು."

ಆ ಘಟಕದಲ್ಲಿ ಮೊದಲೇ ಒಂದು ರೆಡಿಮೇಡ್ ಸಾಫ್ಟ್‌ವೇರ್ ಇತ್ತು. ತಿಂಗಳಿಗೆ ಇಷ್ಟು ಅಂತ ಕಟ್ಟುವ ಕ್ಲೌಡ್ ಸಾಫ್ಟ್‌ವೇರೇ. ನೋಡಲು ಚೆಂದ ಇತ್ತು, ಬಣ್ಣಬಣ್ಣದ ಚಾರ್ಟ್ ಬರುತ್ತಿತ್ತು. ಅದರಲ್ಲಿ ಒಂದು ನಿಯಮ ಇತ್ತು. ವಾಪಸ್ ಬಂದ ಮಾಲಿನ ತೂಕ ಕೊಟ್ಟ ಮಾಲಿನ ತೂಕಕ್ಕಿಂತ ಜಾಸ್ತಿ ಇರುವಂತಿಲ್ಲ. ಕೇಳಿದರೆ ಸರಿ ಅನಿಸುತ್ತೆ, ಅಲ್ವಾ? ಕೊಟ್ಟಿದ್ದಕ್ಕಿಂತ ಹೆಚ್ಚು ಹೇಗೆ ಬರುತ್ತೆ?

ಬರುತ್ತೆ. ಜುಲೈ ತಿಂಗಳ ಜಡಿಮಳೆಯಲ್ಲಿ ಬತ್ತಿ ಸರಿಯಾಗಿ ಒಣಗುವುದಿಲ್ಲ. ಕಲಸಿದ ನೀರಿನ ತೂಕ ಅದರಲ್ಲೇ ಉಳಿದಿರುತ್ತೆ. ಅಕ್ಕ ತಕ್ಕಡಿ ನೋಡಿ ಇದ್ದ ತೂಕವನ್ನೇ ಒತ್ತುತ್ತಾರೆ, ಪರದೆ ಕೆಂಪಾಗುತ್ತೆ, ಮುಂದೆ ಹೋಗಲು ಬಿಡುವುದಿಲ್ಲ. ಬಾಗಿಲಲ್ಲಿ ಇನ್ನೂ ಹತ್ತಾರು ಜನ ಚೀಲ ಹಿಡಿದು ನಿಂತಿದ್ದಾರೆ, ಮಳೆ ಬೇರೆ. ಅಕ್ಕ ಏನು ಮಾಡಬೇಕು? ಸಾಫ್ಟ್‌ವೇರ್ ಯಾವ ಅಂಕಿ ಒಪ್ಪುತ್ತೋ ಅದನ್ನು ಒತ್ತಿದರು. ನಿಜವಾದ ತೂಕವನ್ನು ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದಿಟ್ಟರು. "ಇದು ಕಂಪ್ಯೂಟರಿಗೆ, ಇದು ನಮಗೆ" ಅಂತ ಎರಡನ್ನೂ ನನ್ನ ಮುಂದೆ ಇಟ್ಟರು.

ಆ ಮಾತು ಕೇಳಿ ನನಗೆ ತುಂಬಾ ಬೇಜಾರಾಯಿತು. ಮಾಲೀಕರು ತಿಂಗಳು ತಿಂಗಳು ದುಡ್ಡು ಕಟ್ಟಿ ಸುಳ್ಳು ಲೆಕ್ಕ ಇಟ್ಟುಕೊಂಡಿದ್ದರು. ನಿಜ ಲೆಕ್ಕ ಬೀರುವಿನಲ್ಲಿತ್ತು. ಚಾರ್ಟ್‌ನಲ್ಲಿ ಕಾಣುತ್ತಿದ್ದ ಗೆರೆಗಳೆಲ್ಲ ಅಕ್ಕ ಸುಮ್ನೆ ಒತ್ತಿದ ಅಂಕಿಗಳಿಂದ ಬಂದಿದ್ದವು. ಇದರಲ್ಲಿ ಅಕ್ಕನ ತಪ್ಪು ಒಂದಿಷ್ಟೂ ಇಲ್ಲ. ಒಣಗದ ಬತ್ತಿಯನ್ನು ಕಂಡೇ ಇಲ್ಲದವರು ಬರೆದ ನಿಯಮ ಅದು.

ಹೊಸದನ್ನು ಕಟ್ಟುವಾಗ ಆ ನಿಯಮವನ್ನು ನಾವು ಪೂರ್ತಿ ತೆಗೆಯಲಿಲ್ಲ. ತೂಕ ಜಾಸ್ತಿ ಬಂದರೆ "ಜಾಸ್ತಿ ಇದೆ, ಯಾಕೆ?" ಅಂತ ಕೇಳುತ್ತೆ. ಕೆಳಗೆ "ಒಣಗಿಲ್ಲ", "ಹಿಂದಿನದ್ದು ಸೇರಿದೆ", "ಬೇರೆ" ಅಂತ ಮೂರು ಬಟನ್. ಒತ್ತಿದರೆ ಮುಂದೆ ಹೋಗುತ್ತೆ. ಬಟನ್‌ಗಳ ಮೇಲಿನ ಮಾತು ಅಕ್ಕನದ್ದೇ, ರಿಜಿಸ್ಟರಿನಿಂದ ಎತ್ತಿಕೊಂಡದ್ದು. ಒಣಗಿಲ್ಲ ಅಂತ ಒತ್ತಿದ ಚೀಲಗಳನ್ನು ಬೇರೆ ಪಟ್ಟಿ ಮಾಡಿ, ಒಣಗಿದ ಮೇಲೆ ಮತ್ತೆ ತೂಗಲು ನೆನಪಿಸುತ್ತೆ. ಇದು ಅಕ್ಕ ಮೊದಲಿನಿಂದಲೂ ತಲೆಯಲ್ಲೇ ಇಟ್ಟುಕೊಂಡು ಮಾಡುತ್ತಿದ್ದ ಕೆಲಸ.

ಹೆಸರಿನ ವಿಷಯದಲ್ಲೂ ಅವರೇ ದಾರಿ ತೋರಿಸಿದರು. ಪಟ್ಟಿಯಲ್ಲಿ ಲಕ್ಷ್ಮಿ, ಲಕ್ಷ್ಮಮ್ಮ, ಮಹಾಲಕ್ಷ್ಮಿ, ಭಾಗ್ಯಲಕ್ಷ್ಮಿ ಎಲ್ಲ ಇದ್ದಾರೆ. ಇಂಗ್ಲಿಷಿನಲ್ಲಿ ಒಬ್ಬೊಬ್ಬರ ಆಧಾರ್‌ನಲ್ಲಿ ಒಂದೊಂದು ಸ್ಪೆಲ್ಲಿಂಗ್. ಹುಡುಕಿದರೆ ಸಿಗುವುದಿಲ್ಲ. "ಬೀದಿ ಹೆಸರು ಹಾಕಿ ಸಾರ್, ನಾವು ಹಂಗೇ ಕರೆಯೋದು" ಅಂದರು. ಬೀದಿ ಒತ್ತಿದರೆ ಆ ಬೀದಿಯ ಏಳೆಂಟು ಹೆಸರು, ಫೋಟೋ ಸಮೇತ ಬರುತ್ತೆ. ಟೈಪ್ ಮಾಡುವ ಕೆಲಸವೇ ಇಲ್ಲ. ಎಷ್ಟು ದೊಡ್ಡ ಸರ್ಚ್ ಎಂಜಿನ್ ಹಾಕಿದ್ದರೂ ಇಷ್ಟು ಬೇಗ ಆಗುತ್ತಿರಲಿಲ್ಲ.

ಯಾವುದರಲ್ಲಿ ಕಟ್ಟಬೇಕು ಅಂತ ಕೇಳುವವರು ಜಾಸ್ತಿ. ಎಲ್ಲದಕ್ಕೂ ಕೋಡ್ ಬರೆಯಬೇಕಿಲ್ಲ. ಗೂಗಲ್ 2020ರಲ್ಲಿ ಕೊಂಡ ಆಪ್‌ಶೀಟ್ ಇದೆ, ಜೋಹೋ ಕ್ರಿಯೇಟರ್ ಇದೆ. ಇವುಗಳಲ್ಲಿ ಶೀಟಿನಿಂದಲೇ ಫಾರಂ ಕಟ್ಟಿ ಫೋನಿಗೆ ಕೊಡಬಹುದು. ಅಕ್ಕನ ಜೊತೆ ಕೂತು, ಅವರು ಹೇಳಿದ್ದನ್ನು ಅವರ ಕಣ್ಣೆದುರೇ ಬದಲಾಯಿಸಿ ತೋರಿಸುವುದಕ್ಕೆ ಇಂಥವು ತುಂಬಾ ಒಳ್ಳೆಯವು. "ಈ ಕಾಲಂ ಮೇಲೆ ಬರಲಿ" ಅಂದರೆ ಆಗಲೇ ಬರುತ್ತೆ. ಬರೀ ಸ್ಪ್ರೆಡ್‌ಶೀಟಿನಲ್ಲೇ ಎಷ್ಟು ದಿನ ಬೇಕಾದರೂ ನಡೆಸಬಹುದು ಅಂತ ಮಾತ್ರ ನಂಬಬೇಡಿ. 2020ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು 16 ಸಾವಿರ ಕೋವಿಡ್ ಪ್ರಕರಣಗಳು ಲೆಕ್ಕಕ್ಕೆ ಸಿಗದೆ ಹೋದವು. ಕಾರಣ ಹಳೆಯ ಎಕ್ಸೆಲ್ ಫೈಲಿನಲ್ಲಿ 65,536 ಸಾಲಿಗಿಂತ ಹೆಚ್ಚು ಹಿಡಿಯದೆ ಇದ್ದದ್ದು. ನಮ್ಮ ಘಟಕಗಳಲ್ಲಿ ಸಾಲು ಅಷ್ಟಾಗುವ ಮೊದಲೇ ಬೇರೆ ತೊಂದರೆ ಬರುತ್ತೆ. ಯಾರೋ ಒಂದು ಕಾಲಂ ಮಾತ್ರ ಸಾರ್ಟ್ ಮಾಡುತ್ತಾರೆ, ಒಬ್ಬರ ಕೂಲಿ ಇನ್ನೊಬ್ಬರ ಹೆಸರಿಗೆ ಹೋಗುತ್ತೆ. ದುಡ್ಡಿನ ಲೆಕ್ಕ ಬಂತು ಅಂದರೆ ಒಬ್ಬರ ಸಾಲು ಒಡೆಯದೆ ಒಟ್ಟಿಗೇ ಇಡುವ ಡೇಟಾಬೇಸ್ ಬೇಕೇ ಬೇಕು.

ಇನ್ನು ಕನ್ನಡ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಯಾಕಂದರೆ ಇದನ್ನು ಹೇಳುವವರು ಕಡಿಮೆ. ಹಳೆಯ ಆಫೀಸುಗಳಲ್ಲಿ ವರ್ಷಗಟ್ಟಲೆ ಪಟ್ಟಿಗಳು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಆಗಿವೆ. ಅವು ಯೂನಿಕೋಡ್ ಅಲ್ಲ, ಅಂದರೆ ಎಲ್ಲ ಭಾಷೆಯ ಅಕ್ಷರಗಳಿಗೂ ಜಗತ್ತಿಗೆಲ್ಲ ಒಂದೇ ಅಂತ ಇರುವ ಕೋಡಿನಲ್ಲಿ ಇಲ್ಲ. ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕೋಡು, ಫಾಂಟು ಅದನ್ನು ಕನ್ನಡವಾಗಿ ತೋರಿಸುತ್ತದೆ. ಕ್ಲೌಡ್ ಶೀಟಿಗೆ ಅಂಟಿಸಿದರೆ ಫಾಂಟು ಹೋಗಿ ಬರೀ ಕಲಸುಮೇಲೋಗರ ಉಳಿಯುತ್ತದೆ. ಕನ್ವರ್ಟರ್‌ಗಳು ಇವೆ, ಕೆಲಸವನ್ನೂ ಮಾಡುತ್ತವೆ. ಆದರೆ ಒತ್ತಕ್ಷರ, ಅರ್ಕಾವತ್ತು ಇರುವ ಕಡೆ ಒಮ್ಮೊಮ್ಮೆ ತಪ್ಪುತ್ತವೆ. ಜನರ ಹೆಸರು ತಪ್ಪಬಾರದು. ಹಾಗಾಗಿ ಕನ್ವರ್ಟ್ ಆದ ಪಟ್ಟಿಯನ್ನು ಆ ಜನರನ್ನು ಬಲ್ಲವರೇ ಒಂದು ಸಲ ಕಣ್ಣಾಡಿಸಿ ನೋಡಬೇಕು.

ಯೂನಿಕೋಡ್ ಆದ ಮೇಲೂ ಸೂಕ್ಷ್ಮಗಳಿವೆ. "ಕೊ" ಅನ್ನುವ ಅಕ್ಷರದ ಒತ್ವವನ್ನು ಒಂದೇ ಗುರುತಾಗಿಯೂ ಇಡಬಹುದು, ಎತ್ವ ಮತ್ತು ಕೊಂಬಿನ ದೀರ್ಘ ಎರಡನ್ನೂ ಸೇರಿಸಿಯೂ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಕಂಪ್ಯೂಟರಿಗೆ ಮಾತ್ರ ಬೇರೆ ಬೇರೆ. ಕೊಪ್ಪಲು ಅಂತ ಹುಡುಕಿದರೆ ಅರ್ಧ ಜನ ಮಾತ್ರ ಸಿಗಬಹುದು. ಉಳಿಸುವ ಮೊದಲು ಎಲ್ಲವನ್ನೂ ಒಂದೇ ರೂಪಕ್ಕೆ ತರುವ ನಾರ್ಮಲೈಸೇಶನ್ ಅನ್ನೋ ನಿಯಮ ಯೂನಿಕೋಡ್‌ನಲ್ಲೇ ಇದೆ. ಕೋಡ್‌ನಲ್ಲಿ ಅದು ಒಂದೇ ಸಾಲು. ಕೆಲವರ ಫೋನಿನ ಕೀಬೋರ್ಡ್ ೧, ೨ ಅಂತ ಕನ್ನಡ ಅಂಕಿ ಕೊಡುತ್ತೆ. ನಂಬರ್ ಕಾಲಂ ಅದನ್ನೂ ತೆಗೆದುಕೊಳ್ಳಬೇಕು. ಡೌನ್‌ಲೋಡ್ ಮಾಡಿದ ಸಿಎಸ್‌ವಿ ಫೈಲನ್ನು (ಸಾದಾ ಅಕ್ಷರಗಳಲ್ಲಿರುವ ಪಟ್ಟಿ) ಎಕ್ಸೆಲ್‌ನಲ್ಲಿ ತೆರೆದಾಗ ಕನ್ನಡವೆಲ್ಲ ಗೊಜ್ಜಾಗಿ ಕಂಡರೆ, ಒಳಗಿರುವುದು ಯೂನಿಕೋಡ್ ಅಂತ ಹೇಳುವ ಯುಟಿಎಫ್-8 ಗುರುತು ಫೈಲಿನ ತಲೆಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಇವೆಲ್ಲ ಚಿಕ್ಕ ಕೆಲಸಗಳು. ಇವನ್ನು ಮಾಡದೆ "ಕನ್ನಡದಲ್ಲಿ ಕಷ್ಟ ಸಾರ್, ಇಂಗ್ಲಿಷೇ ಇಟ್ಕೊಳ್ಳಿ" ಅನ್ನುವ ಡೆವಲಪರ್‌ಗಳ ಮಾತು ನನಗೆ ಒಪ್ಪಿಗೆ ಆಗುವುದಿಲ್ಲ. ಇಂಗ್ಲಿಷ್ ಇಟ್ಟರೆ ಷರಾ ಕಾಲಂ ಖಾಲಿ ಉಳಿಯುತ್ತೆ. ಅಕ್ಕ ಇಂಗ್ಲಿಷಿನಲ್ಲಿ ಅಂಕಿ ಒತ್ತಬಲ್ಲರು, ಕಾರಣ ಬರೆಯಲಾರರು.

ನೆಟ್‌ವರ್ಕ್ ವಿಷಯಕ್ಕೆ ಬರೋಣ. ಗೋಡೌನಿಗೆ ಇರುವುದು ತಗಡಿನ ಚಾವಣಿ. ಒಳಗೆ ಸಿಗ್ನಲ್ ಬರುವುದಿಲ್ಲ. ಕರೆಂಟ್ ಹೋದರೆ ವೈಫೈ ಕೂಡ ಇಲ್ಲ. ಅಪ್ಲಿಕೇಶನ್ ಆಗಲೂ ನಡೆಯಬೇಕು. ಬ್ರೌಸರ್ ಒಳಗೇ ಒಂದು ಸಣ್ಣ ಡೇಟಾಬೇಸ್ ಇರುತ್ತೆ. ಒತ್ತಿದ್ದನ್ನು ಮೊದಲು ಅಲ್ಲಿ ಇಟ್ಟುಕೊಂಡು, ನೆಟ್ ಬಂದಾಗ ಸರ್ವರಿಗೆ ಕಳಿಸಬೇಕು. ಇಲ್ಲೊಂದು ಹುಷಾರು ಬೇಕು. ಫೋನು ಕಳಿಸಿತು, ಸರ್ವರ್ ತಗೊಂಡಿತು, "ಬಂತು" ಅನ್ನುವ ಉತ್ತರ ಮಾತ್ರ ದಾರಿಯಲ್ಲೇ ಕಳೆದುಹೋಯಿತು ಅಂದುಕೊಳ್ಳಿ. ಫೋನು ಮತ್ತೆ ಕಳಿಸುತ್ತೆ. ಒಂದೇ ಚೀಲಕ್ಕೆ ಎರಡು ಸಲ ಕೂಲಿ. ಅದಕ್ಕೇ ಪ್ರತಿ ದಾಖಲೆಗೂ ಫೋನಿನಲ್ಲೇ ಒಂದು ಗುರುತಿನ ಸಂಖ್ಯೆ ಹುಟ್ಟಬೇಕು. ಅದೇ ಸಂಖ್ಯೆ ಮತ್ತೆ ಬಂದರೆ ಸರ್ವರ್ ಅದನ್ನು ಬಿಟ್ಟುಬಿಡುತ್ತೆ. ಇನ್ನೂ ಹೋಗಿಲ್ಲದ ದಾಖಲೆ ಹಳದಿ ಬಣ್ಣದಲ್ಲಿ ಕಾಣಲಿ ಅಂತ ಅಕ್ಕ ಕೇಳಿದರು. "ಹೋಯ್ತೋ ಇಲ್ವೋ ಗೊತ್ತಾಗ್ದೆ ಇದ್ರೆ ರಾತ್ರಿ ನಿದ್ದೆ ಬರಲ್ಲ" ಅಂದರು. ಸಂಜೆ ಹಳದಿ ಒಂದೂ ಇಲ್ಲ ಅಂತ ನೋಡಿಕೊಂಡೇ ಈಗ ಮನೆಗೆ ಹೊರಡುತ್ತಾರೆ.

ಗಡಿಯಾರದ್ದೂ ಒಂದು ಪೇಚು ಇದೆ. ಸರ್ವರ್‌ಗಳು ಸಾಮಾನ್ಯವಾಗಿ ಯುಟಿಸಿ ಅನ್ನೋ ಜಾಗತಿಕ ಸಮಯದಲ್ಲಿ ಇರುತ್ತವೆ, ನಮಗಿಂತ ಐದೂವರೆ ಗಂಟೆ ಹಿಂದೆ. ಮಂಡ್ಯ ಕಡೆಯ ಹಾಲಿನ ಡೈರಿಯಲ್ಲಿ ಬೆಳಗ್ಗೆ ಐದಕ್ಕೆ ಹಾಲು ಅಳೆದರೆ ಸರ್ವರಿನ ಲೆಕ್ಕದಲ್ಲಿ ಅದು ಹಿಂದಿನ ದಿನ ರಾತ್ರಿ ಹನ್ನೊಂದೂವರೆ. ತಾರೀಖನ್ನು ಭಾರತದ ಸಮಯಕ್ಕೆ ತಿರುಗಿಸದೆ ದಿನದ ಮೊತ್ತ ಹಾಕಿದರೆ ಇವತ್ತಿನ ಹಾಲು ನಿನ್ನೆಗೆ ಹೋಗಿ ಸೇರುತ್ತೆ. ಬೆಳಗ್ಗೆ ಹತ್ತಕ್ಕೆ ತೆರೆಯುವ ಆಫೀಸಿನಲ್ಲಿ ಪರೀಕ್ಷೆ ಮಾಡಿದವರಿಗೆ ಇದು ಯಾವತ್ತೂ ಕಣ್ಣಿಗೆ ಬೀಳುವುದಿಲ್ಲ.

ಎಲ್ಲರಿಗೂ ಒಂದೇ ಲಾಗಿನ್, ಪಾಸ್‌ವರ್ಡ್ ಮಾನಿಟರಿಗೆ ಅಂಟಿಸಿದ ಚೀಟಿಯಲ್ಲಿ. ಇದನ್ನು ಬಹಳ ಕಡೆ ನೋಡುತ್ತೇನೆ. ಕಳ್ಳತನದ ಭಯ ಒಂದು ಕಡೆ ಇರಲಿ. ಇದರಿಂದ ಮೊದಲು ತೊಂದರೆಗೆ ಸಿಗುವುದು ಕೆಳಗಿನ ಕೆಲಸದವರು. ಲೆಕ್ಕದಲ್ಲಿ ವ್ಯತ್ಯಾಸ ಬಂದರೆ ಬೆರಳು ಅವರ ಕಡೆಗೇ ತಿರುಗುತ್ತೆ. ಒಬ್ಬೊಬ್ಬರಿಗೆ ಒಂದೊಂದು ಲಾಗಿನ್ ಇದ್ದು, ಯಾವಾಗ ಯಾರು ಏನು ಬದಲಾಯಿಸಿದರು ಅನ್ನೋದು ಅಳಿಸಲಾಗದಂತೆ ಉಳಿದರೆ ಅದು ಅಕ್ಕನಂಥವರಿಗೆ ರಕ್ಷಣೆ. ಅದೇ ಹೊತ್ತಿಗೆ ಕೆಲವು ಮಾಲೀಕರು ಕೆಲಸದವರ ಫೋನಿನ ಲೊಕೇಶನ್ ಕೂಡ ಬೇಕು ಅನ್ನುತ್ತಾರೆ. ನಾನು ಹಾಕಿಕೊಡುವುದಿಲ್ಲ. ಊದುಬತ್ತಿ ಲೆಕ್ಕಕ್ಕೂ ಆ ಹೆಣ್ಣುಮಗಳು ಮಧ್ಯಾಹ್ನ ಎಲ್ಲಿದ್ದಳು ಅನ್ನೋದಕ್ಕೂ ಸಂಬಂಧ ಇಲ್ಲ. ಆಧಾರ್ ಕಾರ್ಡಿನ ಫೋಟೋಗಳನ್ನು ಡ್ರೈವ್‌ಗೆ ಹಾಕಿ, "ಲಿಂಕ್ ಇದ್ದವರೆಲ್ಲ ನೋಡಬಹುದು" ಅಂತ ಬಿಟ್ಟಿರುವುದೂ ಅಷ್ಟೇ ಕೆಟ್ಟದ್ದು. ಕೂಲಿ ಹಾಕಲು ಬ್ಯಾಂಕ್ ಖಾತೆ ನಂಬರ್ ಬೇಕು, ಅದು ಸರಿ. ಕಾರ್ಡಿನ ಫೋಟೋ ಯಾಕೆ? ವೈಯಕ್ತಿಕ ಡೇಟಾ ರಕ್ಷಣೆಗೆ 2023ರಲ್ಲಿ ಕಾನೂನೇ ಬಂದಿದೆ. ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಮಾಹಿತಿ ತಗೊಳ್ಳಿ ಅನ್ನೋದು ಅದರ ಒಂದು ಮುಖ್ಯ ಅಂಶ.

ಕ್ಲೌಡ್‌ನಲ್ಲಿ ಇಟ್ಟ ಮೇಲೆ ಕಳೆಯುವುದಿಲ್ಲ ಅನ್ನುವ ನಂಬಿಕೆ ತುಂಬಾ ಜನಕ್ಕಿದೆ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್ ಕಟ್ಟಡ ಬೆಂಕಿಗೆ ಸಿಕ್ಕಿತು. ಬೇರೆ ಕಡೆ ಪ್ರತಿ ಇಟ್ಟುಕೊಳ್ಳದ ಗ್ರಾಹಕರು ಡೇಟಾ ಕಳಕೊಂಡರು. 2017ರ ಫೆಬ್ರವರಿ 28ರಂದು ಅಮೆಜಾನ್‌ನ ಒಬ್ಬ ಉದ್ಯೋಗಿ ಒಂದು ಆದೇಶವನ್ನು ತಪ್ಪಾಗಿ ಟೈಪ್ ಮಾಡಿದ್ದಕ್ಕೆ ಹಲವಾರು ವೆಬ್‌ಸೈಟ್‌ಗಳು ಗಂಟೆಗಟ್ಟಲೆ ನಿಂತವು. ಇವು ದೊಡ್ಡ ಸುದ್ದಿ. ನಮ್ಮ ಕಡೆ ಡೇಟಾ ಹೋಗುವುದು ಸಾಮಾನ್ಯವಾಗಿ ಇದಕ್ಕಿಂತ ಸರಳವಾಗಿ. ಶೀಟು ಯಾವುದೋ ಹುಡುಗನ ಸ್ವಂತ ಜಿಮೇಲ್‌ನಲ್ಲಿ ಇರುತ್ತೆ. ಅವನು ಬೆಂಗಳೂರಿಗೆ ಕೆಲಸ ಸಿಕ್ಕಿ ಹೋಗುತ್ತಾನೆ. ಒಟಿಪಿ ಹೋಗುವ ಫೋನ್ ನಂಬರು ಅವನದ್ದೇ. ಇಲ್ಲವೇ ಸಾಫ್ಟ್‌ವೇರ್ ಕಂಪನಿಯವರು ಬಾಡಿಗೆ ನಿಲ್ಲಿಸಿದ ಕೂಡಲೇ ಹಳೆಯ ಲೆಕ್ಕ ಕೊಡಲು ಸತಾಯಿಸುತ್ತಾರೆ. ಹೇಳಿದೆನಲ್ಲ, ಆ ರೆಡಿಮೇಡ್ ಸಾಫ್ಟ್‌ವೇರ್, ಅದರಿಂದ ಹಳೆಯ ದಾಖಲೆ ಬಿಡಿಸಿಕೊಳ್ಳಲು ಪಟ್ಟ ಪಾಡು ಅಷ್ಟಿಷ್ಟಲ್ಲ. ಕೊನೆಗೆ ಸಿಕ್ಕಿದ್ದು ಪಿಡಿಎಫ್. ಅದಕ್ಕೇ ಖಾತೆ ಘಟಕದ ಹೆಸರಿನ ಇಮೇಲ್‌ನಲ್ಲಿ ಇರಬೇಕು, ನಂಬರು ಆಫೀಸಿನದ್ದೇ ಆಗಿರಬೇಕು. ಪೂರ್ತಿ ಡೇಟಾವನ್ನು ಸಾದಾ ಫೈಲಾಗಿ ಇಳಿಸಿಕೊಳ್ಳುವ ಬಟನ್ ಇಲ್ಲದ ಸಾಫ್ಟ್‌ವೇರ್ ಎಷ್ಟೇ ಚೆಂದ ಇದ್ದರೂ ಕೊಳ್ಳಬೇಡಿ. ಇಳಿಸಿಕೊಂಡ ಫೈಲನ್ನು ಆಗಾಗ ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ. ತೆರೆಯದ ಬ್ಯಾಕಪ್ ಇದ್ದೂ ಇಲ್ಲದ ಹಾಗೆ.

ಈಗ ಆ ಘಟಕದಲ್ಲಿ ಹೊಸದೊಂದು ಬೇಡಿಕೆ ಬಂದಿದೆ, ಈ ಸಲ ಹೊಸೆಯುವ ಹೆಂಗಸರ ಕಡೆಯಿಂದ. "ನಮ್ ಲೆಕ್ಕ ನಮ್ ಫೋನಿಗೂ ಬರಲಿ" ಅಂತ ಕೇಳಿದ್ದಾರೆ. ನನಗೆ ಬಹಳ ಖುಷಿಯಾಯಿತು. ವಾರದ ಕೊನೆಗೆ ಕೊಟ್ಟ ಮಾಲು, ತಂದ ಮಾಲು, ಕೂಲಿ, ಮುಂಗಡ ಎಲ್ಲ ಕನ್ನಡದಲ್ಲಿ ಒಂದು ಮೆಸೇಜ್ ಆಗಿ ಹೋಗುವಂತೆ ಮಾಡುವುದು ಕಷ್ಟವೇನಲ್ಲ. ಷರಾವನ್ನೂ ಅದರಲ್ಲಿ ತೋರಿಸಬೇಕೇ ಅನ್ನುವಲ್ಲಿ ನನಗೂ ಅಕ್ಕನಿಗೂ ಒಂದೇ ಮಾತಾಗಿಲ್ಲ. ತಮ್ಮ ಬಗ್ಗೆ ಬರೆದದ್ದನ್ನು ಓದುವ ಹಕ್ಕು ಅವರಿಗಿದೆ, ತಪ್ಪಿದ್ದರೆ ಅಲ್ಲೇ ಕೇಳಬಹುದು ಅನ್ನೋದು ನನ್ನ ವಾದ. ಎಲ್ಲರೂ ಓದುತ್ತಾರೆ ಅಂದರೆ ಆಮೇಲೆ ಬರೆಯಲು ಕೈ ಬರುವುದಿಲ್ಲ ಅನ್ನೋದು ಅಕ್ಕನದ್ದು. ಹೋದ ವಾರ ಅವರೇ ಒಂದು ದಾರಿ ಹೇಳಿದರು. ಮಾಲಿನ ಬಗ್ಗೆ ಬರೆದ ಷರಾ ಹೋಗಲಿ, ಮನೆ ಕಷ್ಟದ ಬಗ್ಗೆ ಬರೆದದ್ದು ಬೇಡ, ಆ ಮೆಸೇಜನ್ನು ಮನೆಯಲ್ಲಿ ಯಾರ್ಯಾರು ಓದುತ್ತಾರೋ ಗೊತ್ತಿಲ್ಲ. ಇದು ನನಗೆ ಹೊಳೆದಿರಲೇ ಇಲ್ಲ. ದಸರಾ ಸೀಸನ್ ಮುಗಿಯುವವರೆಗೆ ಸ್ಟೋರ್ಸಿನಲ್ಲಿ ಯಾರಿಗೂ ಪುರುಸೊತ್ತಿಲ್ಲ. ಆಮೇಲೆ ಷರಾವನ್ನು ಎರಡು ಕಾಲಂ ಮಾಡಿ ಶುರು ಮಾಡುವುದು ಅಂತ ಮಾತಾಗಿದೆ.